ಹಾಡು ಕಟ್ಟಿದವರ ಹೆಸರೂ ಕಾರ್ಡಿನಲ್ಲಿರಲಿ

ಹಾವೇರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಹೋದ ವಾರ ಹಾವೇರಿಯಲ್ಲಿ ಒಂದು ಸಂಜೆ ಕಾರ್ಯಕ್ರಮಕ್ಕೆ ಹೋಗಿದ್ದೆ. ಯಾರೇ ಬಂದರೂ ಸ್ವಂತದ್ದನ್ನೇ ಹಾಡಬೇಕು, ಓದಬೇಕು, ಆಡಬೇಕು ಅನ್ನೋದು ಅಲ್ಲಿನ ಷರತ್ತು. ಭಾಷಣಗಳು ಎಂದಿನ ಹಾಗೆ ಜಾಸ್ತಿಯಾದವು. ಸ್ವಂತಿಕೆ ಬಗ್ಗೆ ಮಾತಾಡಲು ಬಂದವರೊಬ್ಬರು ಬರೀ ಹಳೆಯ ಗಾದೆ ಹೇಳಿ ಕೂತರು. ಇರಲಿ.

ಆಮೇಲೆ ಬ್ಯಾಡಗಿ ಕಡೆಯ ಒಬ್ಬ ತಾಯಿ ಬಂದರು. ಜೊತೆಗೆ ಗೀಗೀ ಪದದ ವಾದ್ಯಗಳಾದ ದಪ್ಪು, ತುಂತುಣಿ. ಸೀಸನ್‌ನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಅವರದು. ಹಾಡು ಕಟ್ಟಿದ್ದೂ ಅದರ ಮೇಲೆಯೇ. ಬೆರಳು ಉರಿಯುತ್ತದೆ, ಎಷ್ಟು ತೊಳೆದರೂ ಖಾರ ಹೋಗುವುದಿಲ್ಲ, ಮನೆಗೆ ಹೋದರೆ ಕೂಸನ್ನು ಎತ್ತಿಕೊಳ್ಳಲು ಹೆದರಿಕೆ. ಹಿಮ್ಮೇಳದವರು 'ಗೀ ಗೀ' ಅಂತ ಎತ್ತಿಕೊಂಡಾಗ ಹಿಂದೆ ಚಹಾ ಕುಡಿಯುತ್ತ ಹರಟುತ್ತಿದ್ದವರೂ ಸುಮ್ಮನಾದರು.

ಹಾಡು ಮುಗಿಯಿತು. ನಿರೂಪಕರು ಮೈಕ್ ಹಿಡಿದು, "ಎಂಥ ಚೆಂದದ ಜನಪದ ಗೀತೆ! ಯಾರು ಕಟ್ಟಿದರೋ, ಯಾವಾಗ ಕಟ್ಟಿದರೋ" ಅಂದರು. ಇಳಿದು ಹೋಗುತ್ತಿದ್ದ ಆ ತಾಯಿ ತಿರುಗಿ ನಿಂತು, "ನಾನ ಕಟ್ಟೇನ್ರೀ, ಹೋದ ವರ್ಷ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ಆಮಂತ್ರಣ ಪತ್ರಿಕೆ ನೋಡಿದೆ. ಅತಿಥಿಗಳ ಹೆಸರು, ಡಿಗ್ರಿ, ಹುದ್ದೆ ಎಲ್ಲ ಇತ್ತು. ಕವಿಗಳ ಹೆಸರಿತ್ತು. ಆಕೆಯ ಸಾಲಿನಲ್ಲಿ ಬರೀ 'ಜಾನಪದ ಗಾಯನ'.

ಇದು ನಡೆದದ್ದು ಎಲ್ಲಿ ನೋಡಿ, ಕಾಗಿನೆಲೆ, ಶಿಶುನಾಳ ಎರಡೂ ಇರುವ ಜಿಲ್ಲೆಯಲ್ಲಿ. ಕನಕದಾಸರು ಕೀರ್ತನೆಯಲ್ಲಿ ಕಾಗಿನೆಲೆಯ ಆದಿಕೇಶವನನ್ನು ಕರೆದರು, ಷರೀಫಜ್ಜ ಶಿಶುನಾಳಧೀಶನನ್ನು. ಹಾಡಿನ ಕೊನೆಗೆ ಬರುವ ಅಂಕಿತ ದೇವರದು ನಿಜ. ಆದರೆ ಹಾಡು ಯಾರದು ಅಂತ ನಮಗೆ ಗೊತ್ತಾಗೋದೂ ಅದರಿಂದಲೇ ಅಲ್ವಾ? ಷರೀಫರು ತೀರಿಕೊಂಡಿದ್ದು 1889ರಲ್ಲಿ. ಇವತ್ತಿಗೂ ಅವರ ಹಾಡಿಗೆ ಅವರದೇ ಹೆಸರು.

1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕಟ್ಟಿದವರಿಗೆ ಜೀವಮಾನವಿಡೀ, ಸತ್ತ ಮೇಲೂ 60 ವರ್ಷ ಹಕ್ಕು ಇರುತ್ತದೆ. ನೋಂದಣಿ ಕಡ್ಡಾಯವಲ್ಲ. ಆದರೆ ನಾಳೆ ಯಾರೋ ಈ ಹಾಡನ್ನು ಯೂಟ್ಯೂಬಿಗೆ ಹಾಕಿ 'ಜನಪದ' ಅಂತ ಬರೆದರೆ, ಬಾಯಲ್ಲೇ ಕಟ್ಟಿದಾಕೆ ತನ್ನದು ಅಂತ ತೋರಿಸೋದು ಹೇಗೆ? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ. ಬೇರೆ ಕಡೆಯ ಕಾಯಿಗೆ ಆ ಹೆಸರು ಹಚ್ಚುವಂತಿಲ್ಲ. ಅದರ ತೊಟ್ಟು ಬಿಡಿಸುವಾಕೆಯ ಹಾಡನ್ನು ಮಾತ್ರ ಯಾರು ಎತ್ತಿಕೊಂಡು ಹೋದರೂ ಕೇಳುವವರಿಲ್ಲ.

ಜಾನಪದ ವಿಶ್ವವಿದ್ಯಾಲಯ ನಮ್ಮ ಗೊಟಗೋಡಿಯಲ್ಲೇ ಇದೆ. ಹಳೆಯ ಹಾಡು ಕೂಡಿಸಿದ ಹಾಗೆ ಈಗ ಕಟ್ಟುತ್ತಿರುವ ಹಾಡುಗಳನ್ನೂ ಕಟ್ಟಿದವರ ಹೆಸರು, ಊರು, ತಾರೀಖು ಹಾಕಿ ರೆಕಾರ್ಡ್ ಮಾಡಿ ಇಡಲು ತಾವು ಹೇಳಬಹುದು. ಅದಕ್ಕೆ ಸಮಯ ಹಿಡಿದೀತು. ಅಷ್ಟರಲ್ಲಿ ಸರ್ಕಾರದ ಕಾರ್ಯಕ್ರಮದ ಕಾರ್ಡು ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ತರಿಸಿ ನೋಡಿ. ಜಾಗ ಸಾಲದಿದ್ದರೆ ಅತಿಥಿಗಳಲ್ಲಿ ಒಂದಿಬ್ಬರನ್ನು ಬಿಟ್ಟರೂ ನಡೆಯುತ್ತದೆ.

ಇತಿ,
ಹಾವೇರಿಯ ಒಬ್ಬ ಕೇಳುಗ