ಕೊಂಬೆಗೆ ಕಟ್ಟಿದ ಹಾರೈಕೆ

ಓದುಗ ಬಂಧುಗಳೇ, ನಮಸ್ಕಾರ.

ಊರಿನಿಂದ ಬಂದಿದ್ದ ಅಮ್ಮನನ್ನು ಕೆಲವು ವರ್ಷಗಳ ಹಿಂದೆ ವಾಷಿಂಗ್ಟನ್ನಿನ ಹರ್ಷ್‌ಹಾರ್ನ್ ಮ್ಯೂಸಿಯಮ್ಮಿನ ಶಿಲ್ಪೋದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲೊಂದು ಡಾಗ್‌ವುಡ್ ಮರ. ಕೊಂಬೆಕೊಂಬೆಗೂ ಬಿಳಿ ಚೀಟಿ. ಅಮ್ಮ ಚಪ್ಪಲಿ ಬಿಟ್ಟು, "ಇದು ಯಾವ ದೇವರ ಮರಾನೋ?" ಎಂದರು.

ಜಪಾನಿನಲ್ಲಿ ಹುಟ್ಟಿದ ಕಲಾವಿದೆ ಯೋಕೊ ಓನೊ 2007ರಲ್ಲಿ ಕೊಟ್ಟ 'ವಿಶ್ ಟ್ರೀ' ಅದು. ಬಾಲ್ಯದಲ್ಲಿ ಆಕೆ ಅಲ್ಲಿನ ದೇವಾಲಯಗಳಲ್ಲಿ ಆಸೆಯನ್ನು ಕಾಗದದಲ್ಲಿ ಬರೆದು ಮರಕ್ಕೆ ಕಟ್ಟುತ್ತಿದ್ದರಂತೆ. 1996ರಿಂದ ಅದನ್ನೇ ಕಲೆಯಾಗಿಸಿ ಊರೂರಿನಲ್ಲಿ ಇಂಥ ಮರಗಳನ್ನಿಟ್ಟರು. ಚೀಟಿಗಳೆಲ್ಲ ಕೊನೆಗೆ ಐಸ್‌ಲ್ಯಾಂಡಿನ ವಿಡೆ ದ್ವೀಪ ಸೇರುತ್ತವೆ. ಪತಿ, ಗಾಯಕ ಜಾನ್ ಲೆನನ್ ನೆನಪಿಗೆ ಅಲ್ಲಿ ಆಕೆ ನಿಲ್ಲಿಸಿದ ಬೆಳಕಿನ ಸ್ತಂಭ ಪ್ರತಿ ಅಕ್ಟೋಬರ್ 9ರಂದು, ಲೆನನ್ ಅವರ ಹುಟ್ಟುಹಬ್ಬದ ದಿನ, ಬೆಳಗುತ್ತದೆ.

ಅಮ್ಮನಿಗೆ ಇದನ್ನೆಲ್ಲ ವಿವರಿಸಬೇಕಾಗಲಿಲ್ಲ. ಮಕ್ಕಳಾಗಲೆಂದು ದೇವಸ್ಥಾನದ ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟುವುದನ್ನು ಕಂಡವರು ಅವರು. "ಏನು ಬರೆದಿದ್ದಾರೆ, ಓದು" ಎಂದರು. ಯಾರದೋ ಅಜ್ಜಿ ಗುಣವಾಗಬೇಕು, ಯಾರಿಗೋ ಕೆಲಸ ಸಿಗಬೇಕು, ಒಂದು ಮಗುವಿಗೆ ನಾಯಿಮರಿ ಬೇಕು. ಒಂದೊಂದು ಓದಿ ಹೇಳಿದಾಗಲೂ ಅಮ್ಮ "ಹಾಗೇ ಆಗಲಿ" ಎನ್ನುತ್ತಿದ್ದರು, ನಾಯಿಮರಿಗೂ. ಹರಕೆ ಹೊತ್ತರೆ ತೀರಿಸಬೇಕು, ಆಸೆಯಾದರೆ ಅದು ಪಟ್ಟವರ ಸ್ವಂತದ್ದು. ಗುರುತೇ ಇಲ್ಲದವರ ಆಸೆಗೆ ಇನ್ನೊಬ್ಬರು 'ಆಗಲಿ' ಎಂದಾಗ ಅದು ಹಾರೈಕೆ. ಈ ಮರದ ಮಹತ್ವ ನನಗೆ ತಿಳಿದದ್ದು ಅಮ್ಮನಿಂದ.

ಈ ಯುಗಾದಿಗೆ ನಮ್ಮ ಸಭಾಂಗಣದ ಬಾಗಿಲಲ್ಲೂ ಕುಂಡದಲ್ಲಿ ಒಂದು ಗಿಡ ಇಡುತ್ತಿದ್ದೇವೆ. ಬೇವು-ಬೆಲ್ಲ ತಿಂದವರು ಮುಂದಿನ ವರ್ಷಗಳ ಬಗ್ಗೆ, ಮನೆಯದೋ ಊರಿನದೋ ಲೋಕದ್ದೋ, ಒಂದು ಸಾಲು ಬರೆದು ಕಟ್ಟಿ. ಹೆಸರು ಬೇಡ. ನೂಲಿನ ದಾರವನ್ನೇ ಬಳಸಿ, ಕೊಂಬೆಗೆ ಬಿಗಿಯಾಗದಂತೆ ಸಡಿಲವಾಗಿರಲಿ. ಪಕ್ಕದ ಚೀಟಿಯನ್ನೂ ಓದಿ. ಕನ್ನಡ ಬರೆಯಲು ಬಾರದ ಮಕ್ಕಳಿಗೆ ಕೈಹಿಡಿದು ಬರೆಸಲು ಇಬ್ಬರು ಹಿರಿಯರು ಬೇಕಾಗಿದ್ದಾರೆ. ಈ ನೆರವಿಗೆ ಬರುವವರು ದಯವಿಟ್ಟು ಮುಂಚೆಯೇ ತಿಳಿಸಿ.

ನಿಮ್ಮ,
ಸಂಪಾದಕ