ನೀರಡಿಯ ಹಾಕಿಗೆ ಬಣ್ಣ ಬಳಿದ ಪ್ಲೈವುಡ್ ಬೇಡ

ಮಾನ್ಯರೆ,

ನೀರಡಿಯ ಹಾಕಿ ಆಡಲು ಹೊರಟವರು ಮಾಸ್ಕ್, ಸ್ನಾರ್ಕಲ್ (ಉಸಿರಾಟದ ಕೊಳವೆ), ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಹೇಗೋ ಹೊಂದಿಸಿಕೊಳ್ಳುತ್ತಾರೆ. ಕೋಲಿನ ಮಾತು ಬಂದಾಗ ಮಾತ್ರ ಪ್ಲೈವುಡ್ ಕೊಯ್ದು ಬಣ್ಣ ಬಳಿಯುತ್ತಾರೆ, ಇಲ್ಲವೇ ಹೊರದೇಶದಿಂದ ತರಿಸುತ್ತಾರೆ. ಭೋಸರಿ, ಚಿಂಚವಡದ ಕಾರ್ಖಾನೆ ಶೆಡ್ಡುಗಳಲ್ಲಿ ನಮ್ಮ ಕಡೆಯವರೇ ಇಷ್ಟೊಂದು ಜನ ದುಡಿಯುವ ಪುಣೆಯಲ್ಲಿ ಎರಡೂ ಬೇಕಿಲ್ಲ.

1954ರಲ್ಲಿ ಇಂಗ್ಲೆಂಡಿನ ಸೌತ್‌ಸೀಯಲ್ಲಿ ಹುಟ್ಟಿದ ಆಟವಿದು. ತಂಡಕ್ಕೆ ಆರು ಮಂದಿ ನೀರಿಗಿಳಿದು, ಸುಮಾರು 1.3 ಕಿಲೋ ತೂಕದ ಸೀಸದ ಬಿಲ್ಲೆಯನ್ನು, ಅಂದರೆ ಪಕ್ ಅನ್ನು, ಕೋಲಿನಿಂದ ಕೊಳದ ತಳದಲ್ಲಿ ತಳ್ಳುತ್ತಾರೆ. ಕೋಲು ಹಿಡಿಯೂ ಸೇರಿ 350×100×50 ಮಿ.ಮೀ. ಅಳತೆಯ ಪೆಟ್ಟಿಗೆಯಲ್ಲಿ ಹಿಡಿಸಬೇಕು. ಒಂದು ತಂಡದ್ದು ಪೂರ್ತಿ ಕಪ್ಪು, ಇನ್ನೊಂದರದು ಪೂರ್ತಿ ಬಿಳಿ. ಬಳಿದ ಬಣ್ಣ ಟೈಲ್ಸಿಗೆ ಉಜ್ಜಿ ಏಳುತ್ತದೆ, ಆ ಜಾಗದಲ್ಲಿ ನೀರು ಕುಡಿದ ಪ್ಲೈವುಡ್ ಪದರ ಬಿಡುತ್ತದೆ. ಬಣ್ಣ ಒಳಗಿನವರೆಗೂ ಇರುವ ಪ್ಲಾಸ್ಟಿಕ್ಕೇ ಸರಿ.

ಯಾವ ಪ್ಲಾಸ್ಟಿಕ್? ಕೋಲಿನ ಗಾತ್ರ 200 ಘನ ಸೆಂ.ಮೀ. ಎಂದುಕೊಳ್ಳಿ; ಅಷ್ಟೇ ಗಾತ್ರದ ನೀರು 200 ಗ್ರಾಂ. ಪಾಲಿಪ್ರೊಪಿಲೀನ್, ಅಂಗಡಿಯವರ ಬಾಯಲ್ಲಿ ಪಿಪಿ, ಸುಮಾರು 182 ಗ್ರಾಂ ತೂಗಿ ತೇಲುತ್ತದೆ. ನೈಲಾನ್ 228 ಗ್ರಾಂ, ಡೆಲ್ರಿನ್ (ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್) 282, ಎರಡೂ ಮುಳುಗುತ್ತವೆ. ನೈಲಾನ್ ಗಟ್ಟಿ, ಆದರೆ ನೀರು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ಡೆಲ್ರಿನ್ ಯಂತ್ರಕ್ಕೆ ಚೆಂದ ಒಗ್ಗುತ್ತದೆ, ಕ್ಲೋರಿನ್ ಮಾತ್ರ ಅದಕ್ಕೆ ಆಗಿಬರದು. ಅಕ್ರಿಲಿಕ್ ಒಡೆದರೆ ಚೂಪು ಚೂರು, ಆ ಯೋಚನೆಯೇ ಬೇಡ. ನಮ್ಮ ಮತ 20 ಮಿ.ಮೀ. ದಪ್ಪದ ಪಿಪಿ ಶೀಟಿಗೆ. 650×350 ಮಿ.ಮೀ. ತುಂಡಿನಲ್ಲಿ ಒಂದು ತಂಡದ ಆರು ಕೋಲು ಬರುತ್ತವೆ. ಅಗ್ಗದ ಕಪ್ಪು ಶೀಟು ಗುಜರಿ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದಿರಬಹುದು; ಕೊಯ್ದ ಅಂಚಿನಲ್ಲಿ ಸೂಜಿರಂಧ್ರ ಕಂಡರೆ ಬಿಟ್ಟುಬಿಡಿ.

ಕೊಯ್ಯುವಾಗ ದೊಡ್ಡ ಹಲ್ಲಿನ ಬ್ಲೇಡು, ಕಡಿಮೆ ವೇಗ. ಅವಸರ ಮಾಡಿದರೆ ಪಿಪಿ ಕರಗಿ, ಬ್ಲೇಡಿನ ಬೆನ್ನಿಗೇ ಕೊಯ್ದ ಗೆರೆ ಮತ್ತೆ ಅಂಟಿಕೊಳ್ಳುತ್ತದೆ. ಹೊರ ಮೂಲೆಗಳಿಗೆ ಕನಿಷ್ಠ 10 ಮಿ.ಮೀ. ತ್ರಿಜ್ಯದ ದುಂಡು ಕೊಡುವುದನ್ನು ಯಾರೂ ಮರೆಯುವುದಿಲ್ಲ, ಏಟು ಬೀಳುವ ಭಯ ಇರುತ್ತದಲ್ಲ. ಮರೆಯುವುದು ಹಿಡಿ ಮತ್ತು ಪಕ್ ತಳ್ಳುವ ಅಲಗು ಕೂಡುವ ಒಳಮೂಲೆಯನ್ನು. ಅಲ್ಲಿ ಗರಗಸದ ಚೂಪು ಗೆರೆ ಉಳಿದರೆ ಪಕ್ ಎತ್ತಿ ಎಸೆಯುವ ಒತ್ತಡವೆಲ್ಲ ಅದೇ ಗೆರೆಗೆ ಬಿದ್ದು ಬಿರುಕು ಹುಟ್ಟುತ್ತದೆ. ಮೊದಲು 25 ಮಿ.ಮೀ. ಡ್ರಿಲ್ಲಿನಿಂದ ತೂತು ಕೊರೆದು, ಗೆರೆಯನ್ನು ಆ ತೂತಿಗೆ ತಂದು ಮುಗಿಸಿದರೆ ಒಳಮೂಲೆ ತಾನಾಗಿ ದುಂಡಾಗುತ್ತದೆ.

ಪಕ್ ತಾಗುವ ಅಂಚು ನುಣುಪಾಗಿದ್ದರೆ ಜಾರುತ್ತದೆ. 80 ನಂಬರಿನ ಉಪ್ಪುಕಾಗದದಿಂದ ಒರಟು ಮಾಡಿ. ಹಿಡಿಗೆ ಗ್ರಿಪ್ ಅಂಟಿಸುವುದು ವ್ಯರ್ಥ ಶ್ರಮ, ಪಿಪಿಗೆ ಸಾಮಾನ್ಯ ಗೋಂದು ಹಿಡಿಯುವುದಿಲ್ಲ. ಹಿಡಿಯ ಎರಡು ತುದಿಗೂ ತೂತು ಕೊರೆದು, ಸೈಕಲ್ ಟ್ಯೂಬಿನ ಪಟ್ಟಿಯನ್ನು ಒಂದರಿಂದ ಪೋಣಿಸಿ, ಬಿಗಿಯಾಗಿ ಸುತ್ತಿ, ಇನ್ನೊಂದರಲ್ಲಿ ಗಂಟು ಹಾಕಿ.

ಬಿಳಿ ಕೋಲೇ ಮೊದಲು ಹಾಳಾಗುತ್ತದೆ. ಕಪ್ಪಿನಲ್ಲಿರುವ ಕಾರ್ಬನ್ ಬಿಸಿಲನ್ನು ತಡೆಯುತ್ತದೆ. ಬಿಳಿಯದು ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಕೊಳದ ಕಟ್ಟೆಯ ಮೇಲೇ ಬಿದ್ದಿದ್ದರೆ ಮೇಲ್ಮೈ ಪುಡಿಪುಡಿಯಾಗಿ ಪೆಡಸಾಗುತ್ತದೆ. ಆಟ ಮುಗಿದೊಡನೆ ಸಿಹಿನೀರಿನಲ್ಲಿ ತೊಳೆದು ನೆರಳಿಗಿಡಿ. ಟೈಲ್ಸಿನ ಸಂದುಗಳಿಗೆ ಉಜ್ಜಿ ತುದಿಯಲ್ಲಿ ಏಳುವ ಮುಳ್ಳನ್ನು ಚಾಕುವಿನಿಂದ ಹೆರೆಯಿರಿ, ಇಲ್ಲದಿದ್ದರೆ ಎದುರಾಳಿಯ ಬೆರಳಿಗೆ ಗೀರು.

ಈಜುಕೊಳದವರು ಟೈಲ್ಸ್ ಒಡೆಯುತ್ತದೆಂದು ಕೋಲನ್ನು ತಡೆಯುವುದು ಸರಿಯಲ್ಲ, ಪಿಪಿ ಟೈಲ್ಸಿಗಿಂತ ಬಹಳ ಮೆದು. ಅವರು ನೋಡಬೇಕಾದದ್ದು ಪಕ್ ಅನ್ನು: ಪ್ಲಾಸ್ಟಿಕ್ ಹೊದಿಕೆ ಹರಿದು ಸೀಸ ಕಾಣುತ್ತಿದ್ದರೆ ಅದನ್ನು ನೀರಿಗಿಳಿಸಲು ಬಿಡಬಾರದು.

– ಓದುಗರು, ಭೋಸರಿ, ಪುಣೆ