ಗೆಳೆಯನಿಗೊಂದು ಪತ್ರ: ಶ್ರೀಶೈಲದ ಕಾಲುದಾರಿಗೆ ಹೊರಡುವ ಮುನ್ನ

ಪ್ರೀತಿಯ ಗೆಳೆಯನಿಗೆ ನಮಸ್ಕಾರಗಳು.

ಬರುವ ಯುಗಾದಿಗೆ ನೀನೂ ನಮ್ಮೊಡನೆ ಶ್ರೀಶೈಲಕ್ಕೆ ನಡೆದು ಬರುವೆಯೆಂದು ತಿಳಿದು ಮನೆಯವರೆಲ್ಲ ಬಹಳ ಸಂತೋಷಪಟ್ಟೆವು. ಬೆಂಗಳೂರಿನಿಂದ ಏನೇನು ಕೊಂಡು ತರಬೇಕೆಂದು ಕೇಳಿದ್ದೀಯ. ಕೊಳ್ಳಬೇಕಾದದ್ದು ತೀರ ಕಡಿಮೆ. ಆದರೆ ಹೊರಡುವ ಮೊದಲು ನಿನ್ನೊಡನೆ ಮಾತಾಡಿಕೊಳ್ಳಬೇಕಾದದ್ದು ಒಂದಿದೆ. ಫೋನಿನಲ್ಲಿ ಹೇಳಿ ಮುಗಿಸಲು ಮನಸ್ಸು ಬರಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ, ಅದೇ ದಾರಿಯಲ್ಲಿ ನಡೆಯುವ ಬೇರೆಯವರೂ ಓದಲಿ ಎಂದು ಎಲ್ಲರ ಮುಂದೆಯೇ ಇಡುತ್ತಿದ್ದೇನೆ.

ಹೋಳಿ ಹುಣ್ಣಿಮೆಯ ಹೊತ್ತಿಗೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಹಳ್ಳಿಗಳಿಂದ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ಹೆಸರಿನಲ್ಲಿ ಹೆಗಲ ಮೇಲೆ ಹೊತ್ತು ನಡೆಯುವ ಕಂಬಿಗಳು ಹೊರಡುತ್ತವೆ. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡೇ ಅಷ್ಟು ದೂರ ಹೋಗುತ್ತಾರೆ. ಲಿಂಗಸುಗೂರು, ರಾಯಚೂರು ಹಿಂದಿಟ್ಟು, ತುಂಗಭದ್ರೆಯನ್ನು ದಾಟಿ, ಕರ್ನೂಲು, ನಂದಿಕೊಟ್ಕೂರು, ಆತ್ಮಕೂರಿನ ಮೇಲೆ ಹಾಯ್ದು ಗುಡ್ಡ ಮುಟ್ಟುವವರೆಗೆ ನಮ್ಮೂರಿನಿಂದ ಸುಮಾರು 400 ಕಿ.ಮೀ. ಆಗುತ್ತದೆ. ಮಲ್ಲಯ್ಯನ ಮಡದಿ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಆದ್ದರಿಂದ ನಮ್ಮ ತಾಯಿ ಸೀರೆ, ಕುಪ್ಪಸ, ಅರಿಷಿನ, ಕುಂಕುಮ, ಕೊಬ್ಬರಿ ಬಟ್ಟಲುಗಳನ್ನು ಪ್ರತಿವರ್ಷವೂ ಬೇರೆ ಗಂಟು ಕಟ್ಟಿ ಕೊಡುತ್ತಾಳೆ. ಆ ಗಂಟು ದಾರಿಯಲ್ಲಿ ನೆಲ ಮುಟ್ಟಬಾರದು.

ಆತ್ಮಕೂರಿನವರೆಗೆ ಡಾಂಬರು ರಸ್ತೆಯೇ ಹೆಚ್ಚು. ಅಲ್ಲಿಗೆ ಸಮೀಪದ ವೆಂಕಟಾಪುರ ದಾಟಿದ ಮೇಲೆ ನಲ್ಲಮಲದ ಅಡವಿ ಶುರುವಾಗುತ್ತದೆ. ಹಳೆಯ ಕಾಲುದಾರಿ ಎಂದರೆ ಅದೇ. ನಾಗಲೂಟಿಯ ವೀರಭದ್ರನ ಗುಡಿ, ಪೆಚ್ಚೆರುವು, ಮಠಂಬಾವಿ, ಭೀಮುನಿ ಕೊಲನು, ಕೈಲಾಸದ್ವಾರ ಎಂದು ಒಂದೊಂದೇ ನಿಲುಗಡೆ ದಾಟುತ್ತ, ಒಣಗಿದ ತೇಗದೆಲೆಗಳ ಮೇಲೆ ಕಾಲಿಡುತ್ತ ಹೋಗುವ ಆ ಎರಡು ದಿನಗಳಿಗಾಗಿಯೇ ನಾನು ಉಳಿದ ದಿನಗಳ ಬಿಸಿಲನ್ನು ಸಹಿಸಿಕೊಳ್ಳುತ್ತೇನೆ ಎಂದರೂ ತಪ್ಪಾಗಲಾರದು. ಭೀಮುನಿ ಕೊಲನಿನ ಹತ್ತಿರ ನೆಲ ಒಮ್ಮೆಗೇ ಕೊಳ್ಳವಾಗಿ ಇಳಿಯುತ್ತದೆ. ಕಲ್ಲಿನ ಮೆಟ್ಟಿಲುಗಳಲ್ಲಿ ತಳದವರೆಗೆ ಇಳಿದು, ಎದುರಿನ ಗುಡ್ಡಕ್ಕೆ ಅಷ್ಟೇ ಮೆಟ್ಟಿಲು ಏರಬೇಕು. ಅದು ಏರಿದರೆ ಕೈಲಾಸದ್ವಾರ. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಸೋಪಾನ ಕಟ್ಟಿಸಿದನು. ಆ ಕಡೆ ಕೃಷ್ಣೆಗೆ ಇಳಿಯುವ ಪಾತಾಳಗಂಗೆಯ ಮೆಟ್ಟಿಲುಗಳನ್ನು ಮಾಡಿಸಿದವಳು ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆ. ಇವರಿಗೂ ಮೊದಲು, 12ನೇ ಶತಮಾನದಲ್ಲಿ, ಅಕ್ಕಮಹಾದೇವಿ ಕಲ್ಯಾಣದಿಂದ ಇದೇ ಗಿರಿಗೆ ನಡೆದು ಬಂದಳು. ಅವಳ ಬಳಿ ಹೊರಲು ಏನೂ ಇರಲಿಲ್ಲ ಎಂಬುದನ್ನು ಆ ಮೆಟ್ಟಿಲುಗಳ ಮೇಲೆ ಭಾರದ ಚೀಲ ಹೊತ್ತು ಏರುವಾಗ ನಾನು ಪ್ರತಿಸಲವೂ ನೆನೆಯುತ್ತೇನೆ.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಕಳೆದ ಸಲ ನಾಗಲೂಟಿಯಿಂದ ಹೊರಟ ಬೆಳಿಗ್ಗೆ ಒಂದು ನಿಶ್ಚಯ ಮಾಡಿದೆ: ಆ ದಿನ ಯಾರು ಏನು ಕೊಟ್ಟರೂ ತಿಂದು ಕುಡಿದ ಮೇಲೆ ಉಳಿಯುವುದನ್ನು ಎಸೆಯದೆ ಹೆಗಲ ಜೋಳಿಗೆಯಲ್ಲಿ ಹಾಕಿಕೊಳ್ಳುವುದು. ರಾತ್ರಿ ತಂಗಿದಲ್ಲಿ ಕಂಬಳಿ ಹಾಸಿ ಎಲ್ಲರ ಮುಂದೆ ಜೋಳಿಗೆಯನ್ನು ಬರಿದು ಮಾಡಿದೆ. ಚಹಾ ಮತ್ತು ಪಾನಕ ಕುಡಿದ ಕಾಗದದ ಲೋಟ 9, ನೀರಿನ ಬಾಟಲಿ 6, ಮಜ್ಜಿಗೆಯ ಪಾಕೀಟು 5, ಬೆಳ್ಳಿಬಣ್ಣದ ಹಾಳೆ ಅಂಟಿಸಿದ ತಟ್ಟೆ 4. ಒಟ್ಟು 24. ನಮ್ಮ ಗುಂಪಿನಲ್ಲಿ ಆಗ ಇದ್ದವರು 32 ಜನ. ಲೆಕ್ಕ ಬಲ್ಲ ಹುಡುಗನೊಬ್ಬ ಅಲ್ಲೇ ಗುಣಿಸಿ, ಒಂದೇ ದಿನಕ್ಕೆ 768 ಆಯಿತು ಎಂದ. ಯಾರೂ ಮಾತಾಡಲಿಲ್ಲ. ಉಳಿದ 31 ಜನ ತಮ್ಮ ಪಾಲಿನದನ್ನು ಎಲ್ಲಿ ಬಿಟ್ಟು ಬಂದಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ವರ್ಷಗಳಲ್ಲಿ ನಾನೂ ಅಲ್ಲಿಯೇ ಬಿಟ್ಟು ಬಂದಿದ್ದೆ.

ಅದು ಯಾರೂ ಇಲ್ಲದ ಬಯಲಲ್ಲ. ನಾಗಾರ್ಜುನಸಾಗರ-ಶ್ರೀಶೈಲಂ ಹುಲಿ ರಕ್ಷಿತಾರಣ್ಯವು 1983ರಲ್ಲಿ ಹುಲಿ ಯೋಜನೆಗೆ ಸೇರಿದ್ದು, ದೇಶದ ಅತಿ ದೊಡ್ಡ ಹುಲಿ ಕಾಡುಗಳಲ್ಲಿ ಒಂದು. ಶಿವರಾತ್ರಿ, ಯುಗಾದಿಗಳ ಹೊತ್ತಿಗೆ ನಮಗೆ ದಾರಿ ಬಿಡುವ ಆ ಕಾಡಿನಲ್ಲಿ ಹುಲಿ, ಚಿರತೆ, ಕರಡಿ, ಕಡವೆಗಳಿವೆ. ಮಲ್ಲಿಕಾರ್ಜುನನನ್ನು ಚೆಂಚು ಮಲ್ಲಯ್ಯ ಎಂದು ಕರೆದು ತಮ್ಮವನೆಂದೇ ನಂಬಿರುವ, ಆ ಕಾಡಿನ ಬುಡಕಟ್ಟಿನವರಾದ ಚೆಂಚರ ಹಟ್ಟಿಗಳಿವೆ. ಉಪ್ಪು, ಸಕ್ಕರೆಯ ವಾಸನೆ ಹಿಡಿದ ಪಾಕೀಟನ್ನು ಪ್ರಾಣಿಗಳು ಬಿಡುವುದಿಲ್ಲ. ಭೀಮುನಿ ಕೊಲನಿನ ಮೆಟ್ಟಿಲ ಮೇಲೆ ಮರಿಯನ್ನು ಹೊಟ್ಟೆಗೆ ಅವಚಿಕೊಂಡ ಕೋತಿಯೊಂದು ಮಜ್ಜಿಗೆಯ ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಹರಿದು, ಹರಿದ ಚೂರನ್ನು ಉಗುಳದೆ ಅಗಿಯುತ್ತ ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗಳನ್ನು ಕೊಟ್ಟ ಮನೆಗೆ ಸೀರೆ ಕುಪ್ಪಸ ಹೊತ್ತುಕೊಂಡು ಹೋದವರು ಆ ಮನೆಯ ಅಂಗಳವನ್ನು ಹೊಲಸು ಮಾಡಿ ಬರುವುದುಂಟೇ?

ಇಷ್ಟು ಹೇಳಿ ನಡೆಯುವವರನ್ನೇ ಬೈದು ಸುಮ್ಮನಾದರೆ ಅದು ನ್ಯಾಯವಲ್ಲ ಎಂದು ನನಗೆ ಅನಿಸುತ್ತದೆ. ಬಿಸಿಲಲ್ಲಿ ಬರಿಗಾಲಲ್ಲಿ ನಡೆದು ಬಂದವನ ಕೈಗೆ ಯಾರೋ ಪ್ರೀತಿಯಿಂದ ಬಾಟಲಿ ಹಿಡಿಸಿದರೆ ಅವನು ಬೇಡವೆನ್ನುವುದಾದರೂ ಹೇಗೆ? ತಿದ್ದಬೇಕಾದದ್ದು ದಾಸೋಹವನ್ನು. ನಮ್ಮ ಅಜ್ಜ ನಡೆಯುತ್ತಿದ್ದ ಕಾಲದಲ್ಲಿ ದಾರಿಯ ಊರಿನವರು ಮಣ್ಣಿನ ಹರವಿಗಳಲ್ಲಿ ನೀರು ತುಂಬಿಟ್ಟು, ಬಂದವರ ಚರಿಗೆಗೆ ಸುರಿಯುತ್ತಿದ್ದರಂತೆ. ಉಂಡ ಮೇಲೆ ಮುತ್ತಲ ಎಲೆಗಳನ್ನು ಬಡಿಸಿದವರೇ ಎತ್ತಿ ದನಗಳ ಮುಂದೆ ಹಾಕುತ್ತಿದ್ದರಂತೆ. ಎಲೆ ಎತ್ತುವುದು ದಾಸೋಹದ ಅರ್ಧ ಭಾಗವೇ ಆಗಿತ್ತು. ಈಗ ಬಡಿಸುವ ಅರ್ಧ ಮಾತ್ರ ಉಳಿದು, ಎತ್ತುವ ಅರ್ಧ ಬಿಟ್ಟುಹೋಗಿದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚಗಳನ್ನು ದೇಶದಾದ್ಯಂತ ನಿಷೇಧಿಸಲಾಗಿದೆ, ಆದರೆ ನೀರಿನ ಬಾಟಲಿ ಆ ಪಟ್ಟಿಯಲ್ಲಿ ಇಲ್ಲ, ಕಾಗದದ ಲೋಟವೂ ಇಲ್ಲ. ಆ ಲೋಟದ ಒಳಮೈಗೂ ತೆಳುವಾದ ಪ್ಲಾಸ್ಟಿಕ್ ಹಚ್ಚಿರುತ್ತಾರೆ; ಕಾಗದವೆಂದು ನಂಬಿ ಮಣ್ಣಿಗೆ ಎಸೆದರೆ ಕಾಗದ ಕರಗಿ ಆ ಪೊರೆ ಉಳಿಯುತ್ತದೆ.

ಆದ್ದರಿಂದ ನಮ್ಮ ಓಣಿಯವರೆಲ್ಲ ಈ ಸಲ ಕೂತು ಒಂದು ಮಾತಿಗೆ ಬಂದಿದ್ದೇವೆ. ಪ್ರತಿಯೊಬ್ಬರ ನಡುವಿಗೆ ಒಂದು ಸ್ಟೀಲ್ ಲೋಟ, ಚೀಲದಲ್ಲಿ ಒಂದು ತಾಟು, ಎರಡು ಲೀಟರ್ ಹಿಡಿಯುವ ನೀರಿನ ಪಾತ್ರೆ. ಅರವಟ್ಟಿಗೆಯ ಮುಂದೆ ನಿಂತು "ಶರಣ್ರೀ, ನಮ್ಮ ಲೋಟದಾಗ ಹಾಕ್ರಿ" ಎಂದು ಕೈ ಮುಗಿದು ಕೇಳುವುದು. ಕಳೆದ ಸಲ ಕೊನೆಯ ದಿನ ನಾನೊಬ್ಬನೇ ಹೀಗೆ ಕೇಳಿದಾಗ ಬಡಿಸುವ ತಾಯಿ ಮೊದಲು ಬೆರಗಾದಳು; ಬಳಿಕ ಲೋಟ ದೊಡ್ಡದಿತ್ತೆಂದು ಎರಡು ಸೌಟು ಪಾನಕ ಹೆಚ್ಚಿಗೆ ಹಾಕಿದಳು. ನಮ್ಮ ಊರಿನವರೂ ನಂದಿಕೊಟ್ಕೂರಿನ ಹತ್ತಿರ ಒಂದು ಹೊತ್ತಿನ ದಾಸೋಹ ಮಾಡುತ್ತಾರೆ. ಅಲ್ಲಿ ಈ ವರ್ಷ ಬಾಟಲಿ ಹಂಚುವುದಿಲ್ಲ. ಟಾಕಿಯಲ್ಲಿ ನೀರಿಟ್ಟು ನಳ ಜೋಡಿಸುತ್ತೇವೆ, ತಾಟು ತರದವರಿಗಾಗಿ 200 ಸ್ಟೀಲ್ ತಾಟು ಒಯ್ಯುತ್ತೇವೆ, ತೊಳೆಯುವ ಪಾಳಿಯನ್ನು ಮೊದಲೇ ಬರೆದು ಹಚ್ಚುತ್ತೇವೆ. ನಿನ್ನ ಹೆಸರನ್ನು ಮಧ್ಯಾಹ್ನದ ಪಾಳಿಗೆ ಬರೆಸಿದ್ದೇನೆ.

ಸಾಮಾನು ಹೊರುವ ಗಾಡಿಯ ಮಾತೂ ಇದೆ. ಹಿಂದೆಲ್ಲ ಒಂದೊಂದು ಗುಂಪಿನ ಹಿಂದೆ ಒಂದೊಂದು ಟೆಂಪೊ ಬರುತ್ತಿತ್ತು, ಅರ್ಧ ಖಾಲಿಯಾಗಿಯೇ. ಈ ಸಲ ಮೂರು ಹಳ್ಳಿಗಳು ಸೇರಿ ಒಂದೇ ಗಾಡಿ ಮಾಡಿದ್ದೇವೆ. ಅದು ಆತ್ಮಕೂರಿನಿಂದ ದೋರ್ನಾಲದ ಮೇಲೆ ಸುತ್ತಿ ಘಾಟಿ ರಸ್ತೆಯಲ್ಲಿ ಶ್ರೀಶೈಲಕ್ಕೆ ಬರುತ್ತದೆ. ರಾತ್ರಿ ಆ ಕಾಡಿನ ಗೇಟು ಮುಚ್ಚುವುದರಿಂದ ಹಗಲೇ ದಾಟಬೇಕು. ಕಾಡಿನೊಳಗಿನ ಎರಡು ದಿನ ನಿನ್ನ ಸಾಮಾನನ್ನು ನೀನೇ ಹೊರಬೇಕು. ತಿಂಡಿಯ ಚಿಂತೆ ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾದಲಿ ಬುತ್ತಿಯಲ್ಲಿರುತ್ತವೆ; ಇವು ಹಲವು ದಿನ ಕೆಡುವುದಿಲ್ಲ, ಪಾಕೀಟು ಬೇಡುವುದಿಲ್ಲ, ಅರಿವೆಯಲ್ಲಿ ಕಟ್ಟಿದರೆ ಸಾಕು. ಹೊಸ ಬೂಟು ಕೊಳ್ಳಬೇಡ, ಹಳೆಯ ಚಪ್ಪಲಿಯೇ ಕಾಲಿಗೆ ಹಿತ.

ನೀರಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಯುಗಾದಿಯ ಹೊತ್ತಿಗೆ ನಲ್ಲಮಲದ ಹಳ್ಳಗಳು ಬಹುತೇಕ ಬತ್ತಿರುತ್ತವೆ, ಉಳಿದ ಕೆಲವೇ ಕೊಳಗಳಿಗೆ ನಾವೂ ಇಳಿಯುತ್ತೇವೆ, ನಾವು ಹೋದ ಮೇಲೆ ರಾತ್ರಿ ಕಡವೆ, ಕರಡಿಗಳೂ ಇಳಿಯುತ್ತವೆ. ಅದರಲ್ಲಿ ಸಾಬೂನು ಹಚ್ಚಿ ಮೀಯುವುದು, ಬಟ್ಟೆ ಒಗೆಯುವುದು ಖಂಡಿತ ಕೂಡದು; ಚರಿಗೆಯಲ್ಲಿ ನೀರು ತುಂಬಿಕೊಂಡು ದೂರ ಹೋಗಿ ಮೈಮೇಲೆ ಸುರಿದುಕೊಂಡರೆ ಸಾಕು. ಬಯಲಕಡೆ ಹೋಗುವವರು ನೀರಿನಿಂದ ನೂರು ಹೆಜ್ಜೆ ಆಚೆ ಹೋಗಿ ಗೇಣುದ್ದ ಕುಣಿ ತೋಡಿ ಮಣ್ಣು ಮುಚ್ಚಬೇಕು. ಅದಕ್ಕಾಗಿ ನಾನು ಎರಡು ಕುರ್ಚಗಿ ಇಟ್ಟುಕೊಳ್ಳುತ್ತೇನೆ. ಬೆಂಕಿಯ ಭಯವೂ ಅಷ್ಟೇ. ಮೆಟ್ಟಿಲು ಮೆಟ್ಟಿಲಿಗೂ ಕರ್ಪೂರ ಹಚ್ಚುತ್ತ ಏರುವ ರೂಢಿ ಕೆಲವರಲ್ಲಿದೆ, ಅವರ ಭಕ್ತಿ ದೊಡ್ಡದು. ಆದರೆ ಸುತ್ತಲೂ ಮೊಣಕಾಲುದ್ದ ಒಣ ಎಲೆ ಬಿದ್ದಿರುವಾಗ, ಗಾಳಿಯೂ ಬೀಸುವಾಗ, ಒಂದು ಕಿಡಿ ಸಾಕು. ನಮ್ಮ ಕರ್ಪೂರವನ್ನೆಲ್ಲ ನಾಗಲೂಟಿಯ ವೀರಭದ್ರನ ಗುಡಿಯ ಕಲ್ಲುಹಾಸಿನ ಮೇಲೆ ಹಚ್ಚಿ, ಮುಂದಿನ ದಾರಿಯಲ್ಲಿ ಬರಿಗೈ ಮುಗಿಯುವುದೆಂದು ಗೊತ್ತು ಮಾಡಿದ್ದೇವೆ. ಬಿಸಿಲು ತಪ್ಪಿಸಲು ರಾತ್ರಿ ನಡೆಯೋಣವೆಂದು ನೀನು ಕೇಳಬಹುದು. ರಸ್ತೆಯ ಮೇಲೆ ಆಗಬಹುದು, ಕಾಡಿನಲ್ಲಿ ಬೇಡ. ಆ ಹೊತ್ತು ಅಲ್ಲಿಯ ಪ್ರಾಣಿಗಳದು.

ಸೊನ್ನಲಿಗೆಯ ಸಿದ್ಧರಾಮನ ಕಥೆ ನಿನಗೆ ಗೊತ್ತಿದೆ. ಹೊಲ ಕಾಯುವ ಹುಡುಗನಾಗಿದ್ದಾಗ ಜಂಗಮನ ರೂಪದಲ್ಲಿ ಬಂದ ಮಲ್ಲಯ್ಯನನ್ನು ಹುಡುಕುತ್ತ ಶ್ರೀಶೈಲಕ್ಕೆ ಹೋದವನು, ಅಲ್ಲಿ ಅವನನ್ನು ಕಂಡ ಮೇಲೆ ಗಿರಿಯಲ್ಲೇ ಉಳಿಯದೆ ಊರಿಗೆ ಮರಳಿ ಕೆರೆ ಕಟ್ಟಿಸಿದ. ಇಂದಿನ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯ ಸುತ್ತ ಇರುವ ನೀರು ಅದೇ. ಹೋದ ವರ್ಷ ಮರಳಿ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹಿರಿಯರೊಬ್ಬರು ಈ ಕಥೆ ಹೇಳಿ, ನಮ್ಮೂರಿನ ಹೊಂಡದ ಹೂಳು ತೆಗೆದು ಎಷ್ಟು ವರ್ಷವಾಯಿತು ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಈ ಯುಗಾದಿ ಮುಗಿಸಿ ಬಂದ ವಾರವೇ ಹೊಂಡಕ್ಕೆ ಇಳಿಯುವುದೆಂದು ಓಣಿಯವರು ಒಪ್ಪಿದ್ದಾರೆ. ಎರಡು ದಿನ ಹೆಚ್ಚಿಗೆ ರಜೆ ಸಿಕ್ಕರೆ ನೀನೂ ಉಳಿದುಕೋ.

ಪೇಟೆಯ ಪಾತ್ರೆ ಅಂಗಡಿಯಲ್ಲಿ ನಿನಗೊಂದು ತಾಟು, ಒಂದು ಲೋಟ ಕೊಂಡು, ಅಂಚಿನ ಮೇಲೆ ನಿನ್ನ ಹೆಸರನ್ನು ಕೊರೆಸಿ ಇಟ್ಟಿದ್ದೇನೆ. ಅವೆರಡನ್ನು ನೀನು ತರುವುದು ಬೇಡ. ಹುಣ್ಣಿಮೆಯ ಮರುದಿನ ಬೆಳಿಗ್ಗೆ ನಾಲ್ಕಕ್ಕೆ ಕಂಬಿ ಎತ್ತುತ್ತಾರೆ. ಹಿಂದಿನ ದಿನವೇ ಸಂಜೆಯ ಬಸ್ಸಿಗೆ ಬಂದು ಇಳಿ, ತಾಯಿ ಊಟಕ್ಕೆ ಕಾಯುತ್ತಿರುತ್ತಾಳೆ.

ನಿನ್ನ ಗೆಳೆಯ